ಐವತ್ತರ ಗೆರೆಯಾಚೆ ನಿಂತ ಅಕ್ಕ

ನನ್ನ ಹತ್ತಿರ ಇರುವುದು ಒಂದೇ ಒಂದು ಲೆನ್ಸು. ಈ ಮಾತನ್ನು ನಾನು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳುತ್ತೇನೆ, ಹೇಳುವಾಗ ಒಳಗೊಳಗೇ ಸ್ವಲ್ಪ ಬೀಗುತ್ತಲೂ ಇರುತ್ತೇನೆ. ದಿನಕ್ಕೆ ಒಂದೇ ಹೊತ್ತು ಊಟ ಮಾಡುವವರು ಆ ಸಂಗತಿಯನ್ನು ಹೇಗೆ ಹೇಳುತ್ತಾರೋ ಹಾಗೆ.

ಒಮ್ಮೆ ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೊರಟ ಎಸ್‌ಟಿ ಬಸ್ಸಿನಲ್ಲಿ ಕರಜಗಿಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ನನ್ನ ಕೊರಳಲ್ಲಿದ್ದ ಕ್ಯಾಮೆರಾವನ್ನು ಕುಂಭಾರಿ ಬರುವವರೆಗೆ ಸುಮ್ಮನೆ ನೋಡಿದರು. ಕುಂಭಾರಿ ದಾಟಿದ ಮೇಲೆ ತಡೆಯಲಾಗಲಿಲ್ಲ.

"ಝೂಮ್ ಎಷ್ಟ ಅದರೀ ಇದರಾಗ?"

"ಝೂಮ್ ಇಲ್ಲರೀ."

"ಹಂಗಾದ್ರ ದೂರ ಇದ್ದದ್ದು ಹ್ಯಾಂಗ ತಗೀತೀರಿ?"

"ಎದ್ದು ಹತ್ರ ಹೋಗ್ತೀನ್ರಿ."

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದರು. ನನ್ನ ನರೆ, ನನ್ನ ಸವೆದ ಚಪ್ಪಲಿ ಎರಡೂ ಅವರ ಕಣ್ಣಿಗೆ ಬಿದ್ದಿರಬೇಕು. ಬಹಳ ಮೆತ್ತಗೆ, ಕಾಯಿಲೆಯವರನ್ನು ವಿಚಾರಿಸುವಂತೆ, "ನಿಮ್ಮ ಕಡೆ ಫೋನ್ ಇಲ್ಲೇನ್ರಿ?" ಎಂದು ಕೇಳಿದರು.

ಫೋನ್ ಇದೆ. ಆದರೆ ಪ್ರೀತಿ ಇರುವುದು ಈ ಐವತ್ತು ಮಿಲಿಮೀಟರಿನ ಲೆನ್ಸಿನ ಮೇಲೆ. ಇದನ್ನು ನನಗೆ ಕೊಟ್ಟವರು ಸೋಲಾಪುರದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಬಾಬುರಾವ ಕಾಕಾ. ರೀಲಿನ ಕಾಲ ಮುಗಿದು ಅವರು ಅಂಗಡಿ ಮುಚ್ಚುವಾಗ ಒಂದು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಈ ಲೆನ್ಸಿನ ಸಮೇತ ನನ್ನ ಕೈಗಿಟ್ಟು, "ನೀ ಪೇಪರಿನಾವ. ನಿನಗ ಕಾಯಾಕ ಬರ್ತದ. ಇದು ಕಾಯಾವ್ರ ಸಾಮಾನು" ಎಂದಿದ್ದರು. ಪೇಪರಿನಲ್ಲಿ ಉಪಸಂಪಾದಕನಾಗಿ ನಾನು ಮೂವತ್ತು ವರ್ಷ ಕಾದದ್ದು ಮುಖ್ಯವಾಗಿ ವರದಿಗಾರರಿಗೆ, ಚಹಾಕ್ಕೆ ಮತ್ತು ಕರೆಂಟಿಗೆ. ಅದನ್ನು ಅವರಿಗೆ ಹೇಳಲಿಲ್ಲ.

ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಲೆನ್ಸು. ಅಂಚಿನಲ್ಲಿ ಕಪ್ಪು ಬಣ್ಣ ಸವೆದು ಒಳಗಿನ ಹಿತ್ತಾಳೆ ಹೊಳೆಯುತ್ತದೆ, ಹಳೆಯ ಮನೆಯ ತಂಬಿಗೆಯ ಕಂಠದ ಹಾಗೆ. ಉಂಗುರಕ್ಕೆ ಬೆರಳ ತುದಿ ಕೂರುವ ಒಂದು ಪುಟ್ಟ ಹಿಡಿಕೆ. ಆ ಹಿಡಿಕೆ ನೇರ ಕೆಳಗಿದ್ದರೆ ಎದುರಿನವರು ನಾಲ್ಕೈದು ಹೆಜ್ಜೆ ದೂರ, ಬಲಕ್ಕೆ ಸರಿದರೆ ಇನ್ನೂ ಹತ್ತಿರ ಎಂದು ಬೆರಳಿಗೇ ಗೊತ್ತು, ಕಣ್ಣನ್ನು ಕೇಳಬೇಕಿಲ್ಲ. ಎಷ್ಟು ಹೊರಳಿಸಿದರೂ ಎರಡು ಮೊಳಕ್ಕಿಂತ ಹತ್ತಿರದ್ದನ್ನು ಇದು ತೆಗೆಯಲೊಪ್ಪದು. ಹೂವಿನ ಕೇಸರ, ಇರುವೆಯ ಮೀಸೆ ಇದರ ಕೆಲಸವಲ್ಲ. ಎರಡು ಮೊಳವೆಂದರೆ ಇಬ್ಬರು ಪರಿಚಿತರು ನಿಂತು ಮಾತಾಡುವ ಅಂತರ. ಅದಕ್ಕಿಂತ ಹತ್ತಿರ ಹೋಗುವವರು ಒಂದೋ ಬಹಳ ಬೇಕಾದವರು, ಇಲ್ಲವೇ ಕಿಸೆಗೆ ಕೈ ಹಾಕುವವರು. ಲೆನ್ಸಿಗೆ ಈ ಮರ್ಯಾದೆಯನ್ನು ಕಲಿಸಿದವರು ಯಾರೋ, ಅವರಿಗೆ ನಮಸ್ಕಾರ.

ಐವತ್ತನ್ನು 'ಸ್ಟ್ಯಾಂಡರ್ಡ್' ಎಂದು ಯಾಕೆ ಕರೆಯುತ್ತಾರೆ ಎಂದು ನಾನೊಮ್ಮೆ ಪುಸ್ತಕ ಹಿಡಿದು ಕೂತಿದ್ದೆ. ರೀಲಿನ ಒಂದು ಚೌಕದ ಮೂಲೆಯಿಂದ ಮೂಲೆಗೆ ಅಳೆದಷ್ಟು ಫೋಕಲ್ ಲೆಂತ್ ಇರುವ ಲೆನ್ಸಿನಲ್ಲಿ ಎಲ್ಲವೂ ಸಹಜವಾಗಿ ಕಾಣಿಸುತ್ತದಂತೆ. ಅಳೆದರೆ ಅದು ಸುಮಾರು ನಲವತ್ತಮೂರು ಮಿಲಿಮೀಟರ್ ಬರುತ್ತದೆ. ಉಳಿದ ಏಳು ಎಲ್ಲಿಂದ ಬಂತು ಎಂಬುದಕ್ಕೆ ಒಬ್ಬರೂ ಸಮಾಧಾನದ ಉತ್ತರ ಕೊಡುವುದಿಲ್ಲ. ಆದರೂ ನೂರು ವರ್ಷದಿಂದ ಜನ ಅದನ್ನೇ ಪ್ರಮಾಣವೆಂದು ಒಪ್ಪಿದ್ದಾರೆ. ನನಗಿದು ಹೊಸದಲ್ಲ. ನಮ್ಮ ಸುದ್ದಿಮನೆಯಲ್ಲೂ ಅನೇಕ ನಿಯಮಗಳು ಹೀಗೇ ಇದ್ದವು: ಯಾರು ಮಾಡಿದರೋ ಗೊತ್ತಿಲ್ಲ, ಮುರಿದರೆ ಮಾತ್ರ ಬೈಗುಳ ಖಚಿತ. ಐವತ್ತರ ಗುಣವೇನೆಂದರೆ ಅದು ಯಾರನ್ನೂ ಉಬ್ಬಿಸುವುದಿಲ್ಲ, ಯಾರನ್ನೂ ಕುಗ್ಗಿಸುವುದಿಲ್ಲ. ಮೂಗು ಮೂಗಿನಷ್ಟೇ, ಹೊಟ್ಟೆ ಹೊಟ್ಟೆಯಷ್ಟೇ. ಒಳ್ಳೆಯ ವರದಿ ಹೀಗಿರಬೇಕೆಂದು ನಾನು ಹೊಸಬರಿಗೆ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಎದ್ದುಹೋಗಿ 'ಭೀಕರ', 'ಹೃದಯವಿದ್ರಾವಕ' ಎಂದೆಲ್ಲ ಬರೆದು ತರುತ್ತಿದ್ದರು.

ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಕಿಟಕಿಯಿದೆ, ಅದರಲ್ಲಿ ನೋಡುವುದು. ಹಾಗಾಗಿ ಲೆನ್ಸಿನ ಮುಚ್ಚಳ ಹಾಗೇ ಇದ್ದರೂ ಕಿಟಕಿಯಲ್ಲಿ ಜಗತ್ತು ಬೆಳಗುತ್ತಲೇ ಇರುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ನಾನು ಮುಚ್ಚಳ ತೆಗೆಯದೆ ಇಡೀ ರೀಲು ಮುಗಿಸಿದೆ. ಹಾರ, ಶಾಲು, ಕಣ್ಣೀರು, ಪೇಢೆ, ಎಲ್ಲವೂ ಕಗ್ಗತ್ತಲೆ. ಈ ತಪ್ಪು ಮಾಡಬೇಕಾದರೆ ಇಂಥದೇ ಕ್ಯಾಮೆರಾ ಬೇಕು. ಫೋನು ಹಿಡಿದವರಿಗೆ ಈ ಯೋಗವಿಲ್ಲ.

ಕಿಟಕಿಯ ನಡುವೆ ಒಂದು ಸಣ್ಣ ಹಳದಿ ಚೌಕವಿದೆ. ಅದರಲ್ಲಿ ಎದುರಿನದು ಎರಡೆರಡಾಗಿ ಕಾಣುತ್ತದೆ. ಉಂಗುರ ತಿರುಗಿಸುತ್ತ ಹೋದರೆ ಎರಡೂ ಸರಿದು ಒಂದಾಗುತ್ತವೆ. ಆಗ ಫೋಕಸ್ ಕೂತಿತು ಎಂದು ಅರ್ಥ. ಇಲ್ಲೊಂದು ದೊಡ್ಡ ಉಪಮೆ ಬಾಯಿ ತೆರೆದುಕೊಂಡು ಕೂತಿದೆಯೆಂದು ನನಗೂ ಗೊತ್ತು. ಇನ್ನೊಬ್ಬರ ಇಂಥ ಉಪಮೆಗಳನ್ನು ಹೊಡೆದುಹಾಕಿಯೇ ಪಗಾರ ಪಡೆದವನು ನಾನು. ನನ್ನದನ್ನೂ ಹೊಡೆದುಹಾಕಿದ್ದೇನೆ.

ಹೊಡೆದುಹಾಕಲಾಗದ್ದು ಇನ್ನೊಂದಿದೆ. ಆ ಕಿಟಕಿಯೊಳಗೆ ಬಿಳಿ ಗೆರೆಯ ಒಂದು ಚೌಕಟ್ಟು ತೇಲುತ್ತಿರುತ್ತದೆ. ಐವತ್ತರ ಲೆನ್ಸಿಗೆ ಹಿಡಿಯುವಷ್ಟು ಗೆರೆಯ ಒಳಗೆ. ಸೋಜಿಗವೆಂದರೆ ಗೆರೆಯ ಹೊರಗಿನದೂ ಕಾಣುತ್ತದೆ. ಬೇರೆ ಕ್ಯಾಮೆರಾಗಳಲ್ಲಿ ಬಿಟ್ಟದ್ದು ಕಾಣುವುದೇ ಇಲ್ಲ. ಕಣ್ಣಿಗೆ ಬಿದ್ದಷ್ಟೇ ಜಗತ್ತು. ಇದರಲ್ಲಿ ನೀವು ಯಾರನ್ನು ಚಿತ್ರದಿಂದ ಹೊರಗಿಟ್ಟಿರೋ ಅವರು ಗೆರೆಯ ಆಚೆ ನಿಂತು ನಿಮ್ಮನ್ನೇ ನೋಡುತ್ತಿರುತ್ತಾರೆ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳಲು ಕಾರಣ ನನ್ನ ದೊಡ್ಡಕ್ಕ.

ನನಗೆ ಇಬ್ಬರು ಅಕ್ಕಂದಿರು. ದೊಡ್ಡಕ್ಕ ಸುಮಿತ್ರಾ ಅಕ್ಕಲಕೋಟದಲ್ಲಿದ್ದಾಳೆ. ಅವಳ ಗಂಡ ಸಾಲಿ ಮಾಸ್ತರರಾಗಿದ್ದು ನಿವೃತ್ತರಾದವರು, ನಾವೆಲ್ಲ ದಾಜಿ ಅನ್ನುತ್ತೇವೆ. ಸಣ್ಣಕ್ಕ ನಿರ್ಮಲಾ ಸೋಲಾಪುರದಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಸಣ್ಣಕ್ಕನ ಮಗಳು ಪಲ್ಲವಿಯ ಮದುವೆಗೆ ವರನನ್ನು ಹುಡುಕಿದವಳು ದೊಡ್ಡಕ್ಕ. ಮದುವೆಯ ಪತ್ರಿಕೆಯ ಕೆಲಸ ಮಾತ್ರ ನನ್ನ ಪಾಲಿಗೆ ಬಂತು, ಮನೆಯಲ್ಲಿ ಅಕ್ಷರದ ಕಸುಬಿನವನು ನಾನೊಬ್ಬನೇ ಎಂಬ ಕಾರಣಕ್ಕೆ.

ನಮ್ಮ ಕಡೆಯ ಮದುವೆಯ ಪತ್ರಿಕೆ ಗೊತ್ತಲ್ಲ. ಭಾಷೆ ಮರಾಠಿ, ಬಳಗ ಕನ್ನಡ. ದೇವರು, ಕುಲದೇವರು, ತೀರಿಕೊಂಡ ಹಿರಿಯರು, ಇದ್ದ ಹಿರಿಯರು, ಸೋದರಮಾವಂದಿರು, ಅತ್ತೆ ಮಾವಂದಿರು, ಕೊನೆಗೆ 'ನಮ್ಮ ಮಾವಶಿಯ ಲಗ್ನಕ್ಕೆ ಬರಬೇಕು ಹಾಂ' ಎಂದು ಚಿಕ್ಕಮ್ಮನ ಮದುವೆಗೆ ಕರೆಯುವ, ಇನ್ನೂ ಹಲ್ಲು ಬಾರದ ಕೂಸುಗಳು. ವಧೂವರರ ಹೆಸರನ್ನು ಹುಡುಕಿಯೇ ಓದಬೇಕು. ಪಟ್ಟಿ ಕಾಗದಕ್ಕೆ ಹಿಡಿಯಲಿಲ್ಲ. ಪ್ರೆಸ್ಸಿನವನು ಒಂದು ಸಾಲು ಕಡಿಮೆ ಮಾಡಿ ಅಂದ. ಒಂದು ಸಾಲು ಕಡಿಮೆ ಮಾಡುವುದು ನನಗೆ ಉಸಿರಾಡಿದಷ್ಟು ಸಲೀಸು. ದಾಜಿಯ ಹೆಸರು ಮೇಲೆ ಹಿರಿಯರ ಸಾಲಿನಲ್ಲಿ ಬಂದಿತ್ತು. ಕೆಳಗೆ ಆಪ್ತರ ಪಟ್ಟಿಯಲ್ಲಿ 'ಸೌ. ಸುಮಿತ್ರಾ ವ ಶ್ರೀ.' ಎಂದು ದೊಡ್ಡಕ್ಕನ ಜೊತೆ ದಾಜಿಯ ಹೆಸರು ಮತ್ತೊಮ್ಮೆ. ಪುನರುಕ್ತಿ! ಕೆಂಪು ಗೆರೆ ಎಳೆದೆ. ಉಳಿದ ಎಲ್ಲ ಅತ್ತೆ, ಮಾವಶಿ, ಕಾಕುಗಳು ಉಳಿದರು. ಸಂಬಂಧ ಕೂಡಿಸಿದ ದೊಡ್ಡಕ್ಕ ಒಬ್ಬಳೇ ಹೋದಳು.

ಪತ್ರಿಕೆ ಹಂಚಿಯಾದ ಮೇಲೆ ಸಣ್ಣಕ್ಕ ಗಾಬರಿಯಿಂದ ಬಂದು ಕೇಳಿದಾಗ ನನ್ನ ಬಾಯಿಂದ ಹೊರಟದ್ದು ಕಸುಬಿನವರ ಹಳೆಯ ಉತ್ತರ: "ಪ್ರೆಸ್ಸಿನಾಗ ಬಿಟ್ಟಾರ." ಅವಳು ಅದನ್ನೇ ದೊಡ್ಡಕ್ಕನಿಗೆ ಹೇಳಿದಳು. ದೊಡ್ಡಕ್ಕ ನಂಬಲಿಲ್ಲ. ಮದುವೆಗೆ ಬಂದು, ಅಕ್ಷತೆ ಹಾಕಿ, ಊಟ ಮಾಡದೆ ಹೋದಳು. ಅಕ್ಕತಂಗಿಯರ ಮಾತು ನಿಂತಿತು. ಮೂರು ವರ್ಷ ನಿಂತೇ ಇತ್ತು. ದಾಖಲೆಯ ವಿಷಯದಲ್ಲಿ ಖಡಕ್ ಮನುಷ್ಯ ಎಂದು ಹೆಸರಾದವನು, ಬೇರೆಯವರ ಒಂದು ಹ್ರಸ್ವ-ದೀರ್ಘದ ತಪ್ಪಿಗೂ ಮರುದಿನವೇ ತಿದ್ದುಪಡಿ ಹಾಕಿಸುತ್ತಿದ್ದವನು, ನನ್ನದಕ್ಕೆ ಮಾತ್ರ ಜಾಗ ಹುಡುಕಲಿಲ್ಲ. ಸಣ್ಣಕ್ಕ ಕಣ್ಣೀರು ಹಾಕಿದಾಗಲೆಲ್ಲ ಸಮಾಧಾನ ಮಾಡಿದೆ. ಸಮಾಧಾನ ಮಾಡುವುದು ಒಪ್ಪಿಕೊಳ್ಳುವುದಕ್ಕಿಂತ ಬಹಳ ಸುಲಭ.

ಹೀಗಿರುವಾಗ ದಾಜಿಗೆ ಎಪ್ಪತ್ತೈದು ತುಂಬಿತು. ಅವರೇ ಖುದ್ದಾಗಿ ಸಣ್ಣಕ್ಕನಿಗೆ ಫೋನ್ ಮಾಡಿ, "ನೀ ಬರಲಿಲ್ಲಂದ್ರ ನಾ ಎಪ್ಪತ್ನಾಲ್ಕರಾಗ ಕೂಡ್ತೀನಿ" ಎಂದರು. ಸಣ್ಣಕ್ಕ, ಪಲ್ಲವಿ, ನಾನು ಹೋದೆವು. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು, ಶೇಂಗಾ ಚಟ್ನಿ ಎಲ್ಲವೂ ಇತ್ತು. ಅಕ್ಕತಂಗಿಯರ ನಡುವೆ ನೇರ ಮಾತೊಂದಿರಲಿಲ್ಲ. "ಪಲ್ಲವಿ, ನಿಮ್ಮವ್ವಗ ಹೇಳು, ತುಪ್ಪ ಹಾಕ್ಕೋ ಅಂತ." "ಸಾಕಾತು ಅಂತ ಹೇಳು ನಿಮ್ಮ ಮಾವಶಿಗಿ." ಇಬ್ಬರ ನಡುವೆ ಇದ್ದದ್ದು ಒಂದು ಹೋಳಿಗೆಯ ತಾಟಿನಷ್ಟು ಜಾಗ.

ಊಟವಾದ ಮೇಲೆ ದಾಜಿ ತಮ್ಮ ಆಸೆ ಹೇಳಿದರು. "ನನಗ ಹಾರ ಬ್ಯಾಡ, ಶಾಲು ಬ್ಯಾಡ. ಇಬ್ಬರೂ ಅಕ್ಕತಂಗೀರು ಇರೂ ಒಂದು ಫೋಟೋ ಬೇಕು. ಏ ಪತ್ರಕಾರ, ತಗೀ."

ಹಿತ್ತಲ ಅಂಗಳ ಕಿರಿದು. ದಾಜಿ ಕುರ್ಚಿಯಲ್ಲಿ, ಹಿಂದೆ ಪಲ್ಲವಿ. ದೊಡ್ಡಕ್ಕ ಎಡಗಡೆಯ ಕೊನೆಗೆ, ಬಾವಿಯ ಕಟ್ಟೆಯ ಹತ್ತಿರ; ಸಣ್ಣಕ್ಕ ಬಲಗಡೆಯ ಕೊನೆಗೆ, ತಂತಿಯ ಮೇಲಿನ ಒದ್ದೆ ಸೀರೆಯ ಹತ್ತಿರ. ನಾನು ಹಿಂದೆ ಸರಿಯುತ್ತ ಸರಿಯುತ್ತ ಬೆನ್ನು ಗೋಡೆಗೆ ತಾಗಿತು.

"ಮಾಮಾ, ಫೋನ್‌ದಾಗ ತಗೀತೀನಿ ತಡೀ. ವೈಡ್ ಅದ, ಸಗಳೆ ಬರ್ತಾರ," ಎಂದು ಪಲ್ಲವಿ ಓಡಿಬಂದು ನನ್ನ ಪಕ್ಕ ನಿಂತು ತೆಗೆದೇಬಿಟ್ಟಳು. ನಿಜಕ್ಕೂ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಬಂದಿದ್ದರು. ಆದರೆ ಅಗಲದ ಲೆನ್ಸು ಅಂಚಿನವರನ್ನು ಅಡ್ಡಕ್ಕೆ ಎಳೆಯುತ್ತದೆ. ದೊಡ್ಡಕ್ಕ ಫೋನನ್ನು ದೂರ ಹಿಡಿದು ನೋಡಿದಳು.

"ಯಾರಕೀ ಈ ಡುಮ್ಮಿ?"

"ನೀನ ಮಾವಶಿ."

"ಅಯ್ಯ, ನಾ ಯಾಕ ಹಿಂಗ ಇರ್ಲಿ! ಅಳಸು ಅದನ್ನ. ತಮ್ಮಾ, ನಿನ್ನ ಹಳೀ ಡಬ್ಬೀಲೆ ತಗೀ."

ನನ್ನ ಲೆನ್ಸಿಗೆ ನಮ್ಮ ಮನೆತನದಿಂದ ಸಿಕ್ಕ ಮೊದಲ ಮತ್ತು ಕೊನೆಯ ಪ್ರಶಂಸೆ ಇದು. ಪಲ್ಲವಿ ಮರಳಿ ದಾಜಿಯ ಹಿಂದೆ ನಿಂತಳು. ನಾನು ಕಿಟಕಿಗೆ ಕಣ್ಣಿಟ್ಟೆ. ಬಿಳಿ ಗೆರೆಯೊಳಗೆ ದಾಜಿ, ಪಲ್ಲವಿ, ಸಣ್ಣಕ್ಕ ಬಂದರು. ದೊಡ್ಡಕ್ಕ ಗೆರೆಯ ಆಚೆ. ಎಡಕ್ಕೆ ಹೊರಳಿದೆ, ದೊಡ್ಡಕ್ಕ ಬಂದಳು, ಸಣ್ಣಕ್ಕ ಆಚೆಗೆ ಹೋದಳು. ಮತ್ತೆ ಬಲಕ್ಕೆ.

"ದೊಡ್ಡಕ್ಕ, ಸ್ವಲ್ಪ ಒಳಗ ಸರಿ."

"ಆಕಿಗಿ ಸರೀ ಅನ್ನು."

"ನಾ ಸರದ ನಿಂತೀನಿ ಅಂತ ಹೇಳ್ರಿ ದಾಜಿ."

"ನಾ ಏನು ಪೋಸ್ಟಮನ್ ಆಗೀನೇನು ಎಪ್ಪತ್ತೈದಕ್ಕ?" ಎಂದರು ದಾಜಿ.

ದೊಡ್ಡಕ್ಕ ಸೆರಗು ಸರಿಪಡಿಸಿಕೊಂಡು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ದಣಿವಿನಿಂದ. "ಇರ್ಲಿ ಬಿಡು ತಮ್ಮಾ. ನನ್ನ ಬಿಟ್ಟು ತಗೀ. ಪತ್ರಿಕಾದಾಗ ನಾ ಇರದಿದ್ರೂ ಲಗ್ನ ಆತಲ್ಲ. ಫೋಟೋದಾಗ ಇರದಿದ್ರೂ ಇವ್ರಿಗಿ ಎಪ್ಪತ್ತೈದು ಆಗ್ತಾವ."

ಸಣ್ಣಕ್ಕನಿಗೆ ತಡೆಯಲಾಗಲಿಲ್ಲ. ಮೂರು ವರ್ಷದ ನಂತರ ಮೊದಲ ಸಲ ಅಕ್ಕನಿಗೆ ನೇರವಾಗಿ ಹೇಳಿದಳು: "ಎಷ್ಟ ಸಲ ಹೇಳ್ಲೆಕ್ಕಾ? ಪ್ರೆಸ್ಸಿನವ ಬಿಟ್ಟಾನ!"

"ಪ್ರೆಸ್ಸಿನವಗ ನನ್ನ ಮ್ಯಾಲೆ ಏನ ಸಿಟ್ಟು?"

ನಾನು ಕಣ್ಣು ಕಿಟಕಿಯಿಂದ ತೆಗೆದಿರಲಿಲ್ಲ. ಗೆರೆಯ ಆಚೆ ದೊಡ್ಡಕ್ಕ ನಿಂತಿದ್ದಳು, ಇಡಿಯಾಗಿ, ಸ್ಪಷ್ಟವಾಗಿ. ಕೆಂಪು ಗೆರೆ ಎಳೆದಾಗ ಅಲ್ಲಿದ್ದದ್ದು ಬರೀ ಅಕ್ಷರ. ಈಗ ಎರಡನೆಯ ಸಲ ಅದೇ ಅಕ್ಕನನ್ನು ಅದೇ ನಾನು, ಅದೇ ಕಾರಣಕ್ಕೆ, ಜಾಗವಿಲ್ಲವೆಂದು ಕತ್ತರಿಸಲು ಹೊರಟಿದ್ದೆ.

"ಪ್ರೆಸ್ಸಿನವ ಅಲ್ಲ," ಎಂದೆ. "ನಾ ಹೊಡದಿದ್ದೆ ಆ ಸಾಲು."

ಕ್ಯಾಮೆರಾವನ್ನು ಮುಖದಿಂದ ಇಳಿಸದೆಯೇ ಹೇಳಿದೆ. ಅದು ಧೈರ್ಯವಲ್ಲ, ಚಿಕ್ಕದಾದರೂ ಒಂದು ಮರೆ ಬೇಕಿತ್ತು.



"ನೀ ಹೊಡದಿ?" ಎಂದಳು ದೊಡ್ಡಕ್ಕ. "ಯಾಕೋ?"

"ಜಾಗಾ ಇರಲಿಲ್ಲ. ದಾಜಿ ಹೆಸರು ಮ್ಯಾಲೆ ಬಂದಿತ್ತು. ಪುನರುಕ್ತಿ ಆಗ್ತಿತ್ತು."

"ಅಂದ್ರ?"

"ಬಂದದ್ದ ಮತ್ತ ಬರೂದು."

"ಇವ್ರ ಹೆಸರು ಬಂತಂದ್ರ ನಾ ಬಂದಂಗ ಆತೇನೋ ಶಾಣ್ಯಾ? ಹಂಗಾದ್ರ ಇವ್ರು ಹೋಳಿಗಿ ತಿಂದ್ರ ನನ್ನ ಹೊಟ್ಟಿ ತುಂಬ್ತದೇನು?"

"ಮೂರು ವರ್ಷ!" ಸಣ್ಣಕ್ಕನ ದನಿ ಮೇಲೇರಿತು. "ಮೂರು ವರ್ಷ ನನ್ನ ಬಾಯೀಲೆ ಪ್ರೆಸ್ಸಿನವಗ ಬೈಸಿದೆಲ್ಲೋ, ಹಲಕಟ್! ನಾ ಅಳಾಕತ್ತಾಗ ಬಾಜೂಕ ಕೂತು 'ಹೋಗ್ಲಿ ಬಿಡಕ್ಕ' ಅಂತಿದ್ದಲ್ಲ!"

"ಇವ ಸಣ್ಣಾವಿದ್ದಾಗಿಂದ ಹಿಂಗ, ನಿಮ್ಮು," ಎಂದಳು ದೊಡ್ಡಕ್ಕ. ನಿಮ್ಮು! ಆ ಹೆಸರನ್ನು ಅವಳ ಬಾಯಲ್ಲಿ ಕೇಳಿ ಮೂರು ವರ್ಷವಾಗಿತ್ತು. "ನೆನಪದ ಏನು, ಅಪ್ಪನ ಲೆಕ್ಕದ ವಹಿ ಮ್ಯಾಲೆ ಶಾಯಿ ಚೆಲ್ಲಿ ಬೆಕ್ಕಿನ ಮ್ಯಾಲೆ ಹಾಕಿದ್ದ?"

"ಬೆಕ್ಕಿನ ಕಾಲಿಗಿ ಶಾಯೀನ ಇರಲಿಲ್ಲಲ್ಲಕ್ಕಾ! ಇವನ ಚಡ್ಡೀಗಿ ಇತ್ತು!"

"ಬೆಕ್ಕಿಗಿ ಹೊಡತ ಬಿತ್ತು ಪಾಪ."

ಹೀಗೆ ಹೇಳುತ್ತ ದೊಡ್ಡಕ್ಕ ಎಡದಿಂದ ಎರಡು ಹೆಜ್ಜೆ ಬಂದಳು, ಸಣ್ಣಕ್ಕ ಬಲದಿಂದ ಎರಡು ಹೆಜ್ಜೆ. ನನ್ನ ಮೇಲೆ ಏರಿಬರುವುದು ಅವರ ಉದ್ದೇಶವಾಗಿತ್ತೇ ಹೊರತು ಹತ್ತಿರವಾಗುವುದಲ್ಲ. ಆದರೆ ಕಿರಿದಾದ ಅಂಗಳದಲ್ಲಿ ಒಬ್ಬನ ಮೇಲೆ ಇಬ್ಬರು ಏರಿಬರಬೇಕಾದರೆ ಒಬ್ಬರ ಪಕ್ಕ ಒಬ್ಬರು ಬರಲೇಬೇಕು. ದಾಜಿಯ ಕುರ್ಚಿಯ ಹತ್ತಿರ ದೊಡ್ಡಕ್ಕ ನನ್ನತ್ತ ಬೆರಳು ಮಾಡಿದಳು. ಸಣ್ಣಕ್ಕ ಗೊತ್ತಿಲ್ಲದೆಯೇ ಅಕ್ಕನ ತೋಳು ಹಿಡಿದುಕೊಂಡಿದ್ದಳು. ಬಿಳಿ ಗೆರೆಯ ಹೊರಗೆ ಬಾವಿಯ ಕಟ್ಟೆಯೊಂದೇ ಉಳಿಯಿತು.

ಒತ್ತಿದೆ. ಈ ಕ್ಯಾಮೆರಾದ ಶಟರ್ ನಾಲಿಗೆ ಲೊಚಗುಟ್ಟಿದಷ್ಟು ಮೆತ್ತಗೆ. ಬೈಗುಳದ ನಡುವೆ ಒಬ್ಬರಿಗೂ ಕೇಳಿಸಲಿಲ್ಲ.

ಇದಾದ ಮೇಲೆ ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತೆಂದು ಬರೆದರೆ ವರದಿ ಸುಳ್ಳಾಗುತ್ತದೆ. ಅಕ್ಕತಂಗಿಯರ ಮಾತು ಶುರುವಾಯಿತು, ನಿಜ. ದೊಡ್ಡಕ್ಕ ನನ್ನ ಜೊತೆ ಮಾತು ಬಿಟ್ಟಳು. ಮುಂದೆ ಎರಡು ತಿಂಗಳು ದೊಡ್ಡಕ್ಕ ಫೋನಿನಲ್ಲಿ ಸಣ್ಣಕ್ಕನಿಗೆ, "ಅವನಿಗಿ ಹೇಳು, ಬಿಪಿ ಗುಳಿಗಿ ಬಿಡಬ್ಯಾಡ ಅಂತ" ಎಂದು ಹೇಳಿಕಳಿಸುತ್ತಿದ್ದಳು. ಸಣ್ಣಕ್ಕ ಎರಡು ಓಣಿ ದಾಟಿ ಬಂದು ಅದನ್ನು ನನಗೆ ಮುಟ್ಟಿಸಿ, ತನ್ನ ಪಾಲಿನ ಎರಡು ಮಾತನ್ನೂ ಸೇರಿಸಿ ಹೋಗುತ್ತಿದ್ದಳು. ನಾನು ಆ ಎರಡು ತಿಂಗಳನ್ನು ತಕರಾರಿಲ್ಲದೆ ಅನುಭವಿಸಿದೆ. ಮೂರು ವರ್ಷದ ತಿದ್ದುಪಡಿಗೆ ಎರಡು ತಿಂಗಳು ಅಗ್ಗ.

ಆ ರೀಲನ್ನು ಬಚ್ಚಲಮನೆಯಲ್ಲಿ ನಾನೇ ತೊಳೆದೆ. ಜಗಳವಾದ ಮೇಲೆ ಸಾಲಾಗಿ ನಿಲ್ಲಿಸಿ ತೆಗೆದ ಉಳಿದ ಚಿತ್ರಗಳಲ್ಲಿ ಎಲ್ಲರೂ ನೆಟ್ಟಗೆ ನಿಂತು ಕಣ್ಣು ಬಿಟ್ಟಿದ್ದರು, ರೇಷನ್ ಕಾರ್ಡಿಗೆಂದು ತೆಗೆಸಿದ ಹಾಗೆ. ಕದ್ದು ತೆಗೆದದ್ದೊಂದೇ ಜೀವಂತವಾಗಿತ್ತು. ದೊಡ್ಡಕ್ಕನ ಬೆರಳು ಸ್ವಲ್ಪ ಅಲುಗಿದೆ. ದಾಜಿ ಬಾಯಿ ತೆರೆದು ನಗುತ್ತಿದ್ದಾರೆ, ಕಟ್ಟುಹಲ್ಲು ಸಮೇತ. ಪಲ್ಲವಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಸಣ್ಣಕ್ಕನ ಐದು ಬೆರಳೂ ಅಕ್ಕನ ತೋಳಿನ ಮೇಲೆ ಎಣಿಸುವಷ್ಟು ಸ್ಪಷ್ಟ. ನನ್ನ ಐವತ್ತು ತನ್ನ ಕೆಲಸ ಮಾಡಿತ್ತು: ಒಬ್ಬರನ್ನೂ ಡುಮ್ಮಿ ಮಾಡಿರಲಿಲ್ಲ, ಒಬ್ಬರನ್ನೂ ದೇವತೆ ಮಾಡಿರಲಿಲ್ಲ.

ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಅಕ್ಕಲಕೋಟಕ್ಕೆ ಒಯ್ದೆ. ಸಣ್ಣಕ್ಕ ಆಗಲೇ ಅಲ್ಲಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತ ಯಾರನ್ನೋ ಆಡಿಕೊಳ್ಳುತ್ತಿದ್ದರು. ನಾನು ಒಳಗೆ ಹೋದೊಡನೆ ಮಾತು ನಿಂತದ್ದರಿಂದ ಅದು ಯಾರೆಂದು ಊಹಿಸಿದೆ. ದೊಡ್ಡಕ್ಕ ಕೈ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. ತಿರುಗಿಸಿದಳು. ಹಿಂಬದಿ ಖಾಲಿ ಇತ್ತು.

"ಹೆಸರು ಎಲ್ಲವ?" ಎರಡು ತಿಂಗಳಲ್ಲಿ ನನಗೆ ನೇರವಾಗಿ ಆಡಿದ ಮೊದಲ ಮಾತು.

ಪೆನ್ನು ತೆಗೆದು, ಮೊಣಕಾಲ ಮೇಲೆ ಚಿತ್ರ ಇಟ್ಟುಕೊಂಡು ಬರೆದೆ. ಮೊದಲು ಅವಳ ಹೆಸರು, ಅವಳದೇ ಒಂದು ಸಾಲಿನಲ್ಲಿ, ಪೂರ್ತಿಯಾಗಿ. ಆಮೇಲೆ ನಿರ್ಮಲಾ, ದಾಜಿ, ಪಲ್ಲವಿ. ಅವಳು ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದಳು. ನನ್ನ ಕೆಲಸವನ್ನು ಅಷ್ಟು ಕಟ್ಟುನಿಟ್ಟಾಗಿ ಯಾವ ಸಂಪಾದಕನೂ ಓದಿರಲಿಲ್ಲ.

"ನಿಂದೆಲ್ಲಿ?"

"ನಾ ಇದರಾಗ ಇಲ್ಲಲ್ಲಕ್ಕ. ತಗದಾವ ನಾ."

"ಇಲ್ಲಂದ್ರ ಹ್ಯಾಂಗೋ? ಬೆರಳ ಮಾಡಿ ನಾ ಯಾರಿಗಿ ಬೈಯಾಕತ್ತೀನಿ? ನಾಳಿ ನೋಡಿದಾವ್ರಿಗಿ ತಿಳೀಬೇಕೋ ಬ್ಯಾಡೋ?"

ಚಿತ್ರವನ್ನು ಮತ್ತೆ ತಿರುಗಿಸಿ ನೋಡಿದೆ. ನಾಲ್ವರ ಎಂಟು ಕಣ್ಣುಗಳೂ ಒಂದೇ ಕಡೆ ನೆಟ್ಟಿದ್ದವು. ಬೈಯುವ ಕಣ್ಣು, ಅಳುವ ಕಣ್ಣು, ನಗುವ ಕಣ್ಣು, ಎಲ್ಲ ನನ್ನ ಮೇಲೆಯೇ. ಅವಳ ಮಾತು ಸರಿ. ಆ ಚಿತ್ರದಲ್ಲಿ ನನ್ನಷ್ಟು ತುಂಬಿಕೊಂಡವರು ಇನ್ನೊಬ್ಬರಿರಲಿಲ್ಲ.

ಸಣ್ಣಕ್ಕ ಒರಳಿನಿಂದ ತಲೆ ಎತ್ತದೆ ಹೇಳಿದಳು: "ಬರಿ ಬರಿ. ಜಾಗಾ ಬೇಕಾದಷ್ಟ ಅದ."

ಬರೆದೆ.